ಗೋಕುಲಂ ಬಡಾವಣೆಯ ನಡಿಗೆ, ಇಳಿಯದ ತೂಕ

ಮೈಸೂರು ನಗರದ ವಾಯವ್ಯ ದಿಕ್ಕಿನಲ್ಲಿ ಒಂಟಿಕೊಪ್ಪಲು, ಯಾದವಗಿರಿ, ಜಯಲಕ್ಷ್ಮೀಪುರಂಗಳ ನೆರೆಯಲ್ಲಿ ಬೆಳೆದು ನಿಂತಿರುವ ಬಡಾವಣೆ ಗೋಕುಲಂ. ಹಾಲು, ಮೊಸರು, ಬೆಣ್ಣೆಗಳ ಊರಿನ ಹೆಸರನ್ನು ಹೊತ್ತಿರುವ ಈ ಬಡಾವಣೆಯ ಎಷ್ಟೋ ಮನೆಗಳಲ್ಲಿ ಇಂದು ಬೆಣ್ಣೆಗೆ ಪ್ರವೇಶವಿಲ್ಲವೆಂಬುದು ವಿನೋದದ ಸಂಗತಿ. ಕಾಂಪೌಂಡಿನೊಳಗೆ ತೆಂಗು, ದಾಸವಾಳ. ರಸ್ತೆಯ ಇಕ್ಕೆಲಗಳಲ್ಲಿ ನೆರಳಿನ ಮರಗಳು. ನಿವೃತ್ತರೂ ನೌಕರರೂ ಕಟ್ಟಿಕೊಂಡ ಹಳೆಯ ಮನೆಗಳ ನಡುವೆ ಈಚೆಗೆ ಎದ್ದಿರುವ ಬಹುಮಹಡಿ ಕಟ್ಟಡಗಳು. ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಕೆಲವು ಹಸ್ತಪ್ರತಿಗಳನ್ನು ನೋಡಬೇಕಾಗಿದ್ದುದರಿಂದ, ಕಳೆದ ಮಾಗಿಯಲ್ಲಿ ಮೂರು ವಾರಗಳ ಕಾಲ ನಾವು ಇಲ್ಲಿ ತಂಗುವ ಪ್ರಸಂಗ ಒದಗಿತು. ನಮ್ಮ ತಮ್ಮನ ಮಗಳು ಇಲ್ಲಿ ಸಂಸಾರ ಹೂಡಿದ್ದಾಳೆ.

ಗೋಕುಲಂನ ನಿಜವಾದ ಮುಖವನ್ನು ನೋಡಬೇಕಾದವರು ಬೆಳಗಿನ ಐದೂವರೆಗೆ ಎದ್ದು ಕಾಂಟೂರ್ ರಸ್ತೆಗೆ ಬರಬೇಕು. ಇಬ್ಬನಿ ಇನ್ನೂ ಹರಿದಿರುವುದಿಲ್ಲ. ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡ ವಿದೇಶೀಯರು ಯೋಗಶಾಲೆಗಳತ್ತ ಹೊರಟಿರುತ್ತಾರೆ. ಅವರಿಗೆ ಎದುರಾಗಿ ನಮ್ಮವರು: ಕುಲಾವಿ ಧರಿಸಿದ ನಿವೃತ್ತ ಪ್ರಾಧ್ಯಾಪಕರು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟ ಗೃಹಿಣಿಯರು, ಮಣಿಕಟ್ಟಿನ ಗಡಿಯಾರದಲ್ಲಿ ಹೆಜ್ಜೆಗಳನ್ನು ಎಣಿಸುವ ತರುಣರು. ಎಳನೀರಿನ ಗಾಡಿಗಳ ಬಳಿ ಈ ಎರಡು ಪ್ರವಾಹಗಳೂ ಸೇರುತ್ತವೆ. ವಿದೇಶೀಯರು ಅಲ್ಲಿ ಆಸನಗಳ ವಿಚಾರ ಮಾತಾಡಿದರೆ ನಮ್ಮವರು ಕಿಲೋಗಳ ವಿಚಾರ ಮಾತಾಡುತ್ತಾರೆ. ಯಾರಿಗೆ ಎಷ್ಟು ಇಳಿಯಿತು, ಯಾರಿಗೆ ಇಳಿಯಲಿಲ್ಲ, ಯಾರು ಅನ್ನವನ್ನೇ ಬಿಟ್ಟರು, ಯಾರು ಸಂಜೆ ಆರರ ನಂತರ ನೀರಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ, ಇವೇ ಮಾತುಗಳು. ಮೂರು ವಾರ ಕೇಳಿಸಿಕೊಂಡ ನಮಗೆ ಅನಿಸಿದ್ದಿಷ್ಟು: ನಡೆಯುವವರು ಬಹಳ ಮಂದಿ, ಇಳಿದವರು ಕೆಲವೇ ಮಂದಿ.

ಇಳಿಯದವರಲ್ಲಿ ನಮ್ಮ ತಮ್ಮನ ಮಗಳೂ ಒಬ್ಬಳು. ವಯಸ್ಸು ನಲವತ್ತೊಂದು, ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕಿ, ಎರಡು ಮಕ್ಕಳ ತಾಯಿ. ಎರಡು ವರ್ಷಗಳಿಂದ ಪ್ರತಿದಿನ ಐದು ಕಿಲೋಮೀಟರು ನಡೆಯುತ್ತಾಳೆ. ರಾತ್ರಿಗೆ ಒಂದು ಚಪಾತಿ, ಪಲ್ಯ. ಹಬ್ಬದ ದಿನವೂ ಹೋಳಿಗೆಯನ್ನು ಮಕ್ಕಳಿಗೆ ಬಡಿಸಿ ಕೈತೊಳೆದುಕೊಳ್ಳುತ್ತಾಳೆ. ಮೊದಲ ನಾಲ್ಕು ತಿಂಗಳಲ್ಲಿ ಐದು ಕಿಲೋ ಇಳಿದ ತೂಕ ಅಲ್ಲಿಯೇ ನಿಂತಿತು. ವರ್ಷ ತುಂಬುವ ಹೊತ್ತಿಗೆ ಮೂರು ಕಿಲೋ ಮರಳಿ ಬಂತು. ಥೈರಾಯ್ಡ್ ಪರೀಕ್ಷೆ ಮಾಡಿಸಿದಳು, ದೋಷವಿರಲಿಲ್ಲ. ಅವಳನ್ನು ನೋಯಿಸುತ್ತಿದ್ದುದು ತೂಕಕ್ಕಿಂತ ಹೆಚ್ಚಾಗಿ ಬೇರೊಂದು. ಒಂದು ಸಂಜೆ ಕಾಫಿ ಲೋಟವನ್ನು ನಮ್ಮ ಮುಂದಿರಿಸಿ, ತಲೆ ತಗ್ಗಿಸಿಕೊಂಡೇ ಹೇಳಿದಳು: “ದೊಡ್ಡಪ್ಪ, ನಾನು ಕದ್ದು ತಿನ್ನುತ್ತೇನೆ ಅಂತ ಮನೆಯವರೆಲ್ಲ ನಂಬಿಬಿಟ್ಟಿದ್ದಾರೆ. ಬಾಯಿ ಬಿಟ್ಟು ಯಾರೂ ಹೇಳೋದಿಲ್ಲ. ಆದರೆ ಬೆಲ್ಲದ ಡಬ್ಬಿಯನ್ನು ಅತ್ತೆಯವರು ಮೇಲಿನ ಅಟ್ಟಕ್ಕೆ ಇಟ್ಟಿದ್ದಾರೆ.” ಹತ್ತು ಕಿಲೋ ಇಳಿಯುವವರೆಗೆ ಹೊಸ ರವಿಕೆ ಹೊಲಿಸುವುದಿಲ್ಲವೆಂದು ಶಪಥ ಮಾಡಿ, ಎರಡು ಮದುವೆಗಳಿಗೆ ಹೋಗದೆ ಉಳಿದಿದ್ದಾಳೆಂಬುದೂ ಆಗಲೇ ತಿಳಿಯಿತು. ಸತ್ಯವಂತೆಯಾದ ಹೆಣ್ಣುಮಗಳೊಬ್ಬಳು ತನ್ನ ಮನೆಯಲ್ಲಿಯೇ ಸುಳ್ಳುಗಾರ್ತಿ ಎನಿಸಿಕೊಂಡು ಬಾಳುವುದು ಸಣ್ಣ ಸಂಗತಿಯೇನಲ್ಲ. ಈ ವಿಷಯದಲ್ಲಿ ಸತ್ಯ ಯಾವುದೆಂದು ತಿಳಿಯಬೇಕೆಂಬ ಹಟ ನಮಗೆ ಹಿಡಿದದ್ದು ಆ ಸಂಜೆಯೇ. ಹಸ್ತಪ್ರತಿಗಳು ಒಂದು ವಾರ ಕಾದವು.

ಗೋಕುಲಂನ ಅಂಚಿನಲ್ಲಿ ಹಾದುಹೋಗುವ ಕೃಷ್ಣರಾಜಸಾಗರ ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆರೋಗ್ಯಧಾಮವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯಾದ ಆಕೆ ಕ್ಷಯಕ್ಕೆ ತುತ್ತಾದರು. ಅವರ ನೆನಪಿಗೆ ಊರಿನ ಹೊರಗೆ, ಗಾಳಿ ಬೆಳಕುಗಳು ಧಾರಾಳವಾಗಿದ್ದ ಈ ಎತ್ತರದ ಭೂಮಿಯಲ್ಲಿ, ಒಂದು ಶತಮಾನದ ಹಿಂದೆ ಈ ಧಾಮ ತಲೆಯೆತ್ತಿತು. ಸ್ಟ್ರೆಪ್ಟೊಮೈಸಿನ್ ಔಷಧವು ಕಂಡುಬಂದದ್ದು 1943ರಲ್ಲಿ. ಅದಕ್ಕೆ ಮುಂಚೆ ಕ್ಷಯಕ್ಕೆ ವಿಶ್ರಾಂತಿ, ಶುದ್ಧವಾಯು, ಪುಷ್ಟಿಕರ ಆಹಾರ, ಇವಿಷ್ಟೇ ಚಿಕಿತ್ಸೆ. ಅಂದಿನ ಕ್ಷಯಧಾಮಗಳಲ್ಲೆಲ್ಲ ರೋಗಿಯನ್ನು ಆಗಾಗ ತೂಗಿ ನೋಡುತ್ತಿದ್ದರು. ಮುಳ್ಳು ಮೇಲೇರಿದರೆ ಬದುಕುವನೆಂಬ ಆಸೆ, ಕೆಳಗಿಳಿದರೆ ಮನೆಯವರ ಕಣ್ಣಲ್ಲಿ ನೀರು. ಇಂದು ಅದೇ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ದೊಡ್ಡ ಕಟ್ಟಡ ನಿಂತಿದೆ. ಸೊರಗಿದವರು ಬರುತ್ತಿದ್ದ ದಾರಿಯಲ್ಲಿ ಈಗ ಮೈತುಂಬಿದವರೂ ಬರುತ್ತಾರೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಾಗಲಿ ಗಂಡಸರಾಗಲಿ, ಹತ್ತಕ್ಕೆ ಮೂವರ ತೂಕ ಇರಬೇಕಾದುದಕ್ಕಿಂತ ಹೆಚ್ಚು.

ನಮ್ಮ ಭಾಷೆ ಇನ್ನೂ ಹಳೆಯ ದಾರಿಯಲ್ಲೇ ಇದೆಯೆಂಬುದನ್ನು ಗಮನಿಸಬೇಕು. ಕನ್ನಡದಲ್ಲಿ ‘ಬಡವಾಗು’ ಎಂದರೆ ಸಂಪತ್ತು ಕಳೆದುಕೊಳ್ಳುವುದೂ ಹೌದು, ಮೈ ಇಳಿಯುವುದೂ ಹೌದು. ತವರಿಗೆ ಬಂದ ಮಗಳನ್ನು ನೋಡಿ “ಯಾಕವ್ವ ಇಷ್ಟು ಬಡವಾಗಿದ್ದೀಯ” ಎಂದು ಮರುಗದ ಅಜ್ಜಿಯುಂಟೆ? ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ಹೊಗಳಿಕೆ. ಬರಗಾಲಗಳನ್ನು ಕಂಡ ನಾಡಿಗೆ ಇದು ಸಹಜ. ಆದರೆ ಹಾಗೆ ಮರುಗುವ ನಾಲಗೆಯೇ ಈಗ ನೆಂಟರ ಮುಂದೆ “ಎಷ್ಟು ದಪ್ಪ ಆಗಿದ್ದೀಯೇ” ಎಂದು ನಗುತ್ತದೆ. ಮಧ್ಯಾಹ್ನ ಬೇಡವೆಂದರೂ ಹೋಳಿಗೆಯ ಮೇಲೆ ತುಪ್ಪ ಸುರಿದವರೇ ಸಂಜೆಗೆ ತೂಕದ ವಿಚಾರವಾಗಿ ಬುದ್ಧಿವಾದ ಹೇಳುವುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇವೆ.

ಗೋಕುಲಂಗೆ ಜಗತ್ತಿನಲ್ಲಿ ಹೆಸರು ಬಂದಿರುವುದು ಯೋಗದಿಂದ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿ ಬರೆದರು. ಅವರ ಶಿಷ್ಯರಾದ, ಹಾಸನದ ಬಳಿಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿ ದಶಕಗಳ ಕಾಲ ಪಾಠ ಹೇಳಿ, ಈ ಶತಮಾನದ ಆರಂಭದಲ್ಲಿ ಗೋಕುಲಂಗೆ ಬಂದರು. 2009ರಲ್ಲಿ ಅವರು ತೀರಿಕೊಂಡರು; ಅವರ ಮೊಮ್ಮಗ ಶರತ್ ಜೋಯಿಸರು 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಿಧನರಾದರು. ವಿದೇಶೀಯರು ಮಾತ್ರ ಇಂದಿಗೂ ಬರುತ್ತಲೇ ಇದ್ದಾರೆ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರ ಕಥೆ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರವಾದುದು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ನರಳಿ, ಕೈಕಾಲು ಕಡ್ಡಿಯಂತಾಗಿ, ಹದಿಹರೆಯದಲ್ಲಿ ಮೈಸೂರಿಗೆ ಬಂದು ಭಾವನವರಾದ ಕೃಷ್ಣಮಾಚಾರ್ಯರಲ್ಲಿ ಆಸನಗಳನ್ನು ಕಲಿತರು. ಅಂದು ಅವರಿಗೆ ಬೇಕಾಗಿದ್ದುದು ಕಸುವು. ಮೈ ಕರಗಿಸುವ ಯಂತ್ರವಾಗಿ ಯೋಗವನ್ನು ನೋಡುವುದು ತೀರ ಈಚಿನ ರೂಢಿ. ಆ ರೂಢಿಯನ್ನು ನಂಬಿ ಚಾಪೆ ಕೊಂಡವರಲ್ಲಿ ಅನೇಕರ ಚಾಪೆ ಈಗ ಮಂಚದ ಕೆಳಗಿದೆ.

ಈಗ ಲೆಕ್ಕಕ್ಕೆ ಬರೋಣ. ಎಪ್ಪತ್ತು ಕಿಲೋ ತೂಕದವರು ಒಂದು ಗಂಟೆ ಕಾಲ ಐದು ಕಿಲೋಮೀಟರು ನಡೆದರೆ ಸುಮಾರು 250 ಕ್ಯಾಲರಿ ವೆಚ್ಚವಾಗುತ್ತದೆ. ಸುಮ್ಮನೆ ಕುಳಿತಿದ್ದರೂ ಅದೇ ಗಂಟೆಯಲ್ಲಿ 70 ಕ್ಯಾಲರಿ ಹೇಗೂ ವೆಚ್ಚವಾಗುತ್ತಿತ್ತು. ಹಾಗಾಗಿ ನಡಿಗೆಯ ನಿವ್ವಳ ಗಳಿಕೆ 180. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ, ಚಟ್ನಿಯೊಡನೆ, ಇದರ ಎರಡರಷ್ಟಾದರೂ ಆದೀತು. ನಡೆದು ಬಂದು ಹೋಟೆಲಿಗೆ ಹೋಗುವವರ ತೂಕ ಇಳಿಯದಿರಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಹೋಟೆಲಿಗೆ ಹೋಗದವರ ಮನೆಯಲ್ಲೂ ಲೆಕ್ಕಕ್ಕೆ ಸಿಗದ ಆಹಾರವಿದೆ. ಸಾರಿನ ರುಚಿ ನೋಡುವುದು, ಮಗು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತು, ಸಕ್ಕರೆ ಹಾಕಿದ ನಾಲ್ಕು ಲೋಟ ಕಾಫಿ, ಒಗ್ಗರಣೆಯ ಎಣ್ಣೆ. 1992ರಲ್ಲಿ ಅಮೆರಿಕದ ಸಂಶೋಧಕರು, ಪಥ್ಯದಲ್ಲಿದ್ದೂ ತೂಕ ಇಳಿಯದ ಕೆಲವರನ್ನು ಪರೀಕ್ಷಿಸಿ, ಅವರು ತಾವು ತಿಂದೆವೆಂದು ಬರೆದುದಕ್ಕಿಂತ ನಿಜವಾಗಿ ತಿಂದುದು ಬಹುಮಟ್ಟಿಗೆ ಎರಡರಷ್ಟಿತ್ತೆಂದು ಕಂಡರು. ಇದನ್ನು ಕೇಳಿದೊಡನೆ “ನೋಡಿದಿರಾ, ನಾವು ಹೇಳಲಿಲ್ಲವೇ” ಎನ್ನುವ ಅತ್ತೆಯಂದಿರಿದ್ದಾರೆ. ಅವರು ದಯವಿಟ್ಟು ಸ್ವಲ್ಪ ತಾಳಬೇಕು. ಎಣಿಕೆ ತಪ್ಪುವುದು ಬೇರೆ, ಕದಿಯುವುದು ಬೇರೆ. ಮನೆಗೆಲ್ಲ ಅಡಿಗೆ ಮಾಡುವವಳು ತನ್ನ ತುತ್ತುಗಳನ್ನು ಎಣಿಸಿಡುವುದು ಹೇಗೆ? ಅಲ್ಲದೆ ಲೆಕ್ಕವನ್ನು ಸರಿಯಾಗಿ ಇಟ್ಟವರ ತೂಕವೂ ನಿಲ್ಲುತ್ತದೆ.

ಅದೇಕೆಂದರೆ ದೇಹವು ಇಳಿಕೆಯನ್ನು ಕ್ಷಾಮವೆಂದೇ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ 36 ಮಂದಿ ತರುಣರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಮೈಯ ನಾಲ್ಕನೆಯ ಒಂದು ಭಾಗ ಕರಗಿತು. ಅದರೊಡನೆ ನಾಡಿ ನಿಧಾನವಾಯಿತು, ಚಳಿ ಹತ್ತಿತು, ಹಗಲಿರುಳೂ ಊಟದ್ದೇ ಚಿಂತೆಯಾಯಿತು. ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ 50 ಜನ ಸ್ಥೂಲಕಾಯರು ಹತ್ತು ವಾರ ಕಠಿಣ ಪಥ್ಯ ಮಾಡಿ ತೂಕ ಇಳಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಂದು ವರ್ಷ ಕಳೆದ ಮೇಲೂ ಅವರ ರಕ್ತದಲ್ಲಿ ಹಸಿವನ್ನು ಹೆಚ್ಚಿಸುವ ಸ್ರಾವ ಹೆಚ್ಚಾಗಿಯೇ ಇತ್ತು, ತೃಪ್ತಿಯನ್ನು ತಿಳಿಸುವ ಸ್ರಾವ ಕಡಿಮೆಯಾಗಿಯೇ ಇತ್ತು. ದೂರದರ್ಶನದ ಸ್ಪರ್ಧೆಯೊಂದರಲ್ಲಿ ಐವತ್ತು ಅರವತ್ತು ಕಿಲೋ ಕಳೆದುಕೊಂಡ 14 ಜನ ಅಮೆರಿಕನ್ನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ಗಾತ್ರದ ದೇಹ ವಿಶ್ರಾಂತಿಯಲ್ಲಿ ವೆಚ್ಚಮಾಡಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ವೆಚ್ಚವಾಗುತ್ತಿತ್ತು. 2016ರಲ್ಲಿ ಇದು ಬೆಳಕಿಗೆ ಬಂತು. ಅವರಲ್ಲಿ ಹೆಚ್ಚಿನವರಿಗೆ ಕಳೆದುಕೊಂಡ ತೂಕದ ಬಹುಭಾಗ ಮರಳಿತ್ತು. ನಮ್ಮ ತಮ್ಮನ ಮಗಳಿಗೆ ಬಂದ ಮೂರು ಕಿಲೋ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರವನ್ನು ಅಟ್ಟದ ಮೇಲಿನ ಬೆಲ್ಲದ ಡಬ್ಬಿಯಲ್ಲಿ ಹುಡುಕಬೇಕಾಗಿಲ್ಲ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಅರಿಯದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಅತಿಸ್ಥೂಲ, ಅತಿಕೃಶರ ವಿಚಾರಕ್ಕೆ ಮೀಸಲಾಗಿದೆ. ಮೇದಸ್ಸು ವಾಯುವಿನ ಮಾರ್ಗಗಳನ್ನು ಕಟ್ಟಿದಾಗ, ಆ ವಾಯು ಕೋಷ್ಠದಲ್ಲೇ ಸುತ್ತಿ ಜಠರಾಗ್ನಿಯನ್ನು ಊದುತ್ತದೆ. ಆದ್ದರಿಂದ ಸ್ಥೂಲನಿಗೆ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ ಎಂಬುದು ಅಲ್ಲಿಯ ನಿರೂಪಣೆ. ಇಬ್ಬರಲ್ಲಿ ಕೃಶನೇ ಮೇಲು, ಏಕೆಂದರೆ ಸ್ಥೂಲನಿಗೆ ಚಿಕಿತ್ಸೆ ಮಾಡುವುದು ಕಠಿಣ ಎಂದೂ ಆ ಗ್ರಂಥ ಒಪ್ಪಿಕೊಳ್ಳುತ್ತದೆ. ಅತಿಯಾದ ಊಟ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ ಇವುಗಳ ಸಾಲಿನಲ್ಲಿ ಸ್ಥೌಲ್ಯಕ್ಕೆ ಬೀಜಸ್ವಭಾವವನ್ನೂ ಒಂದು ಕಾರಣವಾಗಿ ಹೇಳಿದೆ. ಗ್ರಂಥವನ್ನು ಪಾಠ ಹೇಳಿಸಿಕೊಳ್ಳುವಾಗ ಈ ಮಾತನ್ನು ನಾವು ಬೇಗ ದಾಟಿ ಮುಂದೆ ಹೋಗುವುದುಂಟು. ಮೈಸೂರಿನಲ್ಲಿ ಮಾತ್ರ ಅದಕ್ಕೊಂದು ಭಾಷ್ಯ ಸಿದ್ಧವಾಗಿದೆ.

ಗೋಕುಲಂನಿಂದ ಮೂರು ನಾಲ್ಕು ಕಿಲೋಮೀಟರು ದೂರದ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದು. 1934ರಿಂದ ಅಲ್ಲಿ ಹುಟ್ಟಿದ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕಗಳನ್ನು ಯಾರೂ ಗುಜರಿಗೆ ಹಾಕಲಿಲ್ಲವೆಂಬುದೇ ನಮ್ಮ ದೃಷ್ಟಿಯಲ್ಲಿ ದೊಡ್ಡ ಪುಣ್ಯ. ಹಸ್ತಪ್ರತಿಗಳ ಹಿಂದೆ ಅಲೆದವರಿಗೆ ಇದರ ಬೆಲೆ ಗೊತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರೊಡನೆ ಸೇರಿ, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಆ ಸುತ್ತಿನಲ್ಲೇ ಬಾಳುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದ್ದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ತಾಯಿಯ ಗರ್ಭದಲ್ಲಿ ಕಂಡ ಕೊರತೆಯನ್ನು ದೇಹ ಐವತ್ತು ವರ್ಷ ಕಳೆದರೂ ಮರೆತಿರಲಿಲ್ಲ. ಪುಣೆಯ ವೈದ್ಯರು 2003ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಅಲ್ಲಿಯ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನವು 3.5 ಕಿಲೋ, ಆದರೆ ನಮ್ಮ ಶಿಶುಗಳಲ್ಲಿ ಕಡಿಮೆಯಾಗಿದ್ದುದು ಹೆಚ್ಚಾಗಿ ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ತೆಳ್ಳಗೆ ಕಾಣುವ ಭಾರತೀಯನಲ್ಲೂ ಕೊಬ್ಬಿನ ಪಾಲು ಹೆಚ್ಚಿರುವುದಕ್ಕೆ ಇದೊಂದು ಕಾರಣ. ವಿಶ್ರಾಂತಿಯಲ್ಲಿ ಕೊಬ್ಬಿಗಿಂತ ಹೆಚ್ಚು ವೆಚ್ಚ ಮಾಡುವುದು ಮಾಂಸಖಂಡ. ಅದೇ ಕಡಿಮೆಯಿದ್ದವರು ಇತರರಿಗಿಂತ ಸ್ವಲ್ಪವೇ ತಿಂದರೂ ಮೈಗೆ ಹತ್ತುತ್ತದೆ. ಪಾಶ್ಚಾತ್ಯರ ಪಟ್ಟಿಯನ್ನು ಬಿಟ್ಟು ಭಾರತೀಯ ವೈದ್ಯರು ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಎಂದು ಇರಿಸಿಕೊಂಡಿರುವುದಕ್ಕೂ ನಮ್ಮ ಮೈಯ ಈ ಭೇದವೇ ಆಧಾರ.

ಹಾಗಾದರೆ ನಡೆಯುವುದು ವ್ಯರ್ಥವೇ ಎಂದು ವಾಚಕರು ಕೇಳಬಹುದು. ತಮ್ಮನ ಮಗಳೂ ಕೇಳಿದಳು. ಇದಕ್ಕೆ ಉತ್ತರ ದೊರೆಯುವುದು ಚೆನ್ನೈಯ ಒಂದು ಅಧ್ಯಯನದಲ್ಲಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಅಲ್ಲಿ ಮೂರು ವರ್ಷಗಳ ಕಾಲ ಗಮನಿಸಿದರು. ವಿಶೇಷ ಸಲಹೆ ಇಲ್ಲದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ನಡಿಗೆ, ಪಥ್ಯಗಳನ್ನು ಹಿಡಿದವರಲ್ಲಿ ಹಾಗಾದವರು 39 ಮಂದಿ. ಇದರಲ್ಲಿ ಆಶ್ಚರ್ಯದ ಅಂಶವೆಂದರೆ, ಹೀಗೆ ಪಾರಾದವರ ಗುಂಪಿನಲ್ಲಿ ಸರಾಸರಿ ತೂಕ ಇಳಿದೇ ಇರಲಿಲ್ಲ. 2006ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ನಾವು ಕಾಗದದ ಮೇಲೆ ಬರೆದು ತೋರಿಸಿದಾಗ ಅವಳು ಬಹಳ ಹೊತ್ತು ನೋಡುತ್ತ ಕುಳಿತಳು. ಎರಡು ವರ್ಷಗಳಿಂದ ಅವಳು ತೂಕದ ಯಂತ್ರವೊಂದನ್ನೇ ಕೇಳುತ್ತಿದ್ದಳು. ರಕ್ತದೊತ್ತಡವನ್ನಾಗಲಿ, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನಾಗಲಿ, ಸೊಂಟದ ಟೇಪನ್ನಾಗಲಿ ಕೇಳಿರಲಿಲ್ಲ.

ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದ ಅಂಗಡಿಗಳಿಗೂ ಬಂದಿವೆ. ಎಳನೀರಿನ ಗಾಡಿಯ ಬಳಿ ಅದರ ಮಾತೂ ಕೇಳಿಬಂತು. ತಜ್ಞವೈದ್ಯರ ಕೈಯಲ್ಲಿ, ಅಗತ್ಯವಿದ್ದವರಿಗೆ ಅವು ಉಪಕಾರಿ. ನಿಲ್ಲಿಸಿದ ವರ್ಷದೊಳಗೆ ಕಳೆದುಕೊಂಡ ತೂಕದ ಮೂರನೆಯ ಎರಡು ಭಾಗ ಹಿಂದಿರುಗಿತೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ನೆರೆಮನೆಯವರು ಹಾಕಿಸಿಕೊಂಡರೆಂದು ಹಾಕಿಸಿಕೊಳ್ಳತಕ್ಕದ್ದಲ್ಲ.

ನಾವು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಬೆಳೆದವರು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಬಾರದೆಂಬುದು ಅಲ್ಲಿಯ ಕಟ್ಟುನಿಟ್ಟು. ಅದೇ ನಿಯಮ ಇಂದು ಅನೇಕ ಮನೆಗಳಲ್ಲಿ ತಾಯಂದಿರ ಮೈಗೆ ಭಾರವಾಗಿದೆ. ಮಕ್ಕಳು ಬಿಟ್ಟದ್ದೂ ಪ್ರಸಾದವಲ್ಲವೇ ಎಂದು ಅವರು ಮುಗಿಸುತ್ತಾರೆ. ಆದರೆ ಪಂಕ್ತಿಯಲ್ಲಿ ಅದರ ಜೊತೆಗೆ ಇನ್ನೊಂದು ಪದ್ಧತಿಯಿತ್ತು. ಬಡಿಸುವವರು ಕೇಳಿ ಬಡಿಸುತ್ತಿದ್ದರು, ಕೈ ಅಡ್ಡ ಹಿಡಿದವನ ತಟ್ಟೆಗೆ ಸುರಿಯುತ್ತಿರಲಿಲ್ಲ. ಒತ್ತಾಯದ ಉಪಚಾರ ನಾವು ಕಂಡದ್ದು ಸಂಸಾರಗಳಲ್ಲಿ, ಮಠದಲ್ಲಿ ಅಲ್ಲ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಈ ಮಾತನ್ನು ಅವಳ ಅತ್ತೆಯವರಿಗೂ ಹೇಳಿ, ಮಿಷನ್ ಆಸ್ಪತ್ರೆಯ ಪುಸ್ತಕಗಳ ಕಥೆಯನ್ನೂ ಹೇಳಿದೆವು. ಎಪ್ಪತ್ತೆರಡರ ಆ ವೃದ್ಧೆ ಕೇಳಿದ್ದು ಒಂದೇ ಪ್ರಶ್ನೆ: “ಸ್ವಾಮಿ, ಹಾಗಾದರೆ ಇವಳು ಹುಟ್ಟಿದಾಗ ಎಷ್ಟಿದ್ದಳು?” ಮಾರನೆಯ ದಿನ ಊರಿಗೆ ದೂರವಾಣಿ ಮಾಡಿ ನಮ್ಮ ತಮ್ಮನ ಹೆಂಡತಿಯನ್ನು ವಿಚಾರಿಸಿದಾಗ, ಬರದ ವರ್ಷ, ಎಂಟೇ ತಿಂಗಳಿಗೆ ಹುಟ್ಟಿದವಳು, ಎರಡು ಕಿಲೋ ಇದ್ದಳೆಂದು ತಿಳಿಯಿತು. ಅತ್ತೆಯವರು ಏನೂ ಹೇಳಲಿಲ್ಲ. ಬೆಲ್ಲದ ಡಬ್ಬಿ ಅಟ್ಟದಿಂದ ಇಳಿಯಿತು.

ಈಗ ಅವಳು ವಾರಕ್ಕೆರಡು ದಿನ ನಡಿಗೆಯ ಬದಲು ಭಾರ ಎತ್ತುವ ವ್ಯಾಯಾಮ ಮಾಡುತ್ತಾಳೆ, ವೈದ್ಯರ ಸಲಹೆ. ರಾತ್ರಿಯ ಚಪಾತಿಯ ಜೊತೆ ಹೆಸರುಕಾಳು, ಮೊಸರು ಸೇರಿವೆ. ವೈಶಾಖದಲ್ಲಿ ದೂರವಾಣಿಯಲ್ಲಿ ಹೇಳಿದ ಲೆಕ್ಕ ಹೀಗಿದೆ: ಸೊಂಟ ನಾಲ್ಕು ಸೆಂಟಿಮೀಟರು ಕಡಿಮೆ, ಸಕ್ಕರೆಯ ಸರಾಸರಿ 6.2ರಿಂದ 5.8ಕ್ಕೆ, ತೂಕದಲ್ಲಿ ಒಂದೂವರೆ ಕಿಲೋ ಇಳಿಕೆ. ಹತ್ತು ಕಿಲೋ ಇಳಿಯುವ ಲಕ್ಷಣವೇನೂ ಇಲ್ಲವಂತೆ. ಸೋದರತ್ತೆಯ ಮಗನ ಮದುವೆಗೆಂದು ದರ್ಜಿಯ ಬಳಿ ಹೋಗಿ, ಇರುವ ಅಳತೆಗೇ ರವಿಕೆ ಹೊಲಿಯಲು ಕೊಟ್ಟು ಬಂದಿದ್ದಾಳೆ.